ಕಲ್ಲು, ಪಾಚಿಸಹಿತ

ಭೂ ನ್ಯಾಯಾಲಯ ದ್ವೀಪಕ್ಕೆ ಬಂದದ್ದು ದೋಣಿಯಲ್ಲಿ.
ನ್ಯಾಯಾಧೀಶರಿಗೆ ದಾರಿಯುದ್ದ ವಾಂತಿ.
ನಾನು ಬೆರಳಚ್ಚಿನ ಯಂತ್ರವನ್ನು
ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ, ಕೂಸಿನ ಹಾಗೆ.

ಊರ ಸಭಾಂಗಣ. ನೆಲದ ಮೇಲೆ
ಬ್ಯಾಡ್ಮಿಂಟನ್ನಿನ ಬಿಳಿ ಗೆರೆ.
ಗೆರೆಯಾಚೆ ಕಂಪನಿಯ ವಕೀಲರು ಮೂವರು,
ಈಚೆ ಮರ್ಡೀನಾ ಮೆಕಾಸ್ಕಿಲ್, ಎಪ್ಪತ್ತೊಂದು,
ರಬ್ಬರ್ ಬೂಟು ಬಿಚ್ಚದೆ.

ದಾವೆ ಇಷ್ಟೇ:
ಹದಿನೆಂಟುನೂರ ನಲವತ್ತಮೂರರ ಗೇಣಿಪತ್ರದಲ್ಲಿ
ಒಕ್ಕಲಿಗೆ ಕೊಟ್ಟದ್ದು 'ಕಡಲು ಎಸೆದ ಪಾಚಿ',
ಧಣಿ ಉಳಿಸಿಕೊಂಡದ್ದು 'ಬೆಳೆದ ಪಾಚಿ'.
ಧಣಿ ಸತ್ತ, ಮಗ ಮಾರಿದ, ಕೊಂಡವನೂ ಮಾರಿದ,
ಈಗ ಪಾಚಿ ಒಣಗಿಸಿ ಪುಡಿಮಾಡುವ ಕಂಪನಿಗೆ
ಆ ಒಂದು ಕೃದಂತವೇ ಆಸ್ತಿ.

ಜನವರಿಯ ಬಿರುಗಾಳಿ ತಂದು ಸುರಿದ ಪಾಚಿ
ಬರಿಗೈಲಿ ಬಂದಿರಲಿಲ್ಲ.
ಕಾಂಡಕಾಂಡದ ಬುಡವೂ ತಾನು ಹುಟ್ಟಿದ ಕಲ್ಲನ್ನು
ಹಿಡಿದೇ ಬಂದಿತ್ತು, ಹಠಮಾರಿ ಹುಡುಗಿ ಕಂಬ ತಬ್ಬಿದಂತೆ.

"ಕಲ್ಲು ಬಿಟ್ಟಿಲ್ಲ ಅಂದಮೇಲೆ ಬೆಳೆಯುತ್ತಲೇ ಇದೆ," ಎಂದರು ವಕೀಲರು.
"ಬೆಳೆದದ್ದು ನಮ್ಮದು.
ಇವರ ಆಲೂಗಡ್ಡೆ ಪಾತಿಗೆ ಹೋದ ಹನ್ನೆರಡು ಗಾಡಿ
ಕಳವು."
ಕಳವು. ಮೂರೇ ಅಕ್ಷರ. ಬೆರಳಿಗೆ ಭಾರವೇ ಇಲ್ಲ.

ಆಕೆ ಗೇಲಿಕ್‌ನಲ್ಲಿ ಉತ್ತರಿಸಿದಳು.
ದುಭಾಷಿ ಹುಡುಗ ಹೇಳಿದ: "ಕಡಲು ಎಸೆದದ್ದು, ಸ್ವಾಮಿ."
ಆಕೆ ಕೈಯೆತ್ತಿದಳು:
"ಎಸೆದದ್ದು ಅಂದೆನೇ? ಬ್ರೂಕ್ ಅಂದೆ."
ಹುಡುಗ ಕೆಂಪಾದ. "ಅದು... ತೇಗು, ಸ್ವಾಮಿ.
ಕಡಲಿನ ತೇಗು."
ಹಿಂದಿನ ಬೆಂಚಿನವರು ನಕ್ಕರು
(ನಗುವನ್ನು ದಾಖಲಿಸುವ ನಿಯಮ ನಮಗಿಲ್ಲ).
ಬಂದ ದಾರಿ ನೆನಪಾಯಿತೋ ಏನೋ,
ನ್ಯಾಯಾಧೀಶರು ಮಾತ್ರ ನಗಲಿಲ್ಲ.

"ಎಸೆಯುವುದಕ್ಕೆ ಮನಸ್ಸು ಬೇಕು.
ಎಸೆದವನು ನಾಳೆ ಬಂದು ಹೆಕ್ಕಿಕೊಂಡಾನು.
ತೇಗಿದ್ದನ್ನು ವಾಪಸು ಕೇಳಿದ ಹೊಟ್ಟೆ ಉಂಟೇ?
ಮುತ್ತಜ್ಜನ ಅಜ್ಜ ಹೇಳಿದ್ದು ಬ್ರೂಕ್ ಅಂತಲೇ.
ಗುಮಾಸ್ತನಿಗೆ ಅಸಹ್ಯವಾಯಿತು,
ಮಡಿಮಾಡಿ ಬರೆದುಕೊಂಡ: ಎಸೆದ."

ಕಾಗದದಲ್ಲಿದ್ದದ್ದೇ ಮಾತು, ವಕೀಲರೆಂದರು,
ಅದರ ಹಿಂದಿನದೆಲ್ಲ ಗಾಳಿ.
"ಗಾಳಿಯೇ ತಂದದ್ದು," ಎಂದಳು ಮರ್ಡೀನಾ.

ಒಂದು ಕಲ್ಲು ತರಿಸಿದರು.
ಕಡತದ ಮೇಲೆ ಉಪ್ಪುನೀರು ಹರಿಯಿತು.
ನ್ಯಾಯಾಧೀಶರು ಪಾಚಿ ಜಗ್ಗಿದರು. ಬರಲಿಲ್ಲ.
"ಕಲ್ಲು ಬೆಳೆಯುತ್ತದೆಯೇ, ವಕೀಲರೇ?"
"ಇಲ್ಲ, ಸ್ವಾಮಿ."
"ಒಣ ಮರಳಿಗೆ ತಾನೇ ನಡೆದು ಬಂತೇ?"
"..."
"ಹಾಗಾದರೆ ಕಲ್ಲನ್ನಂತೂ ಕಡಲು ಎಸೆದಿದೆ.
ಎಸೆದದ್ದನ್ನು ಬಿಡದೆ ಹಿಡಿದದ್ದೂ ಎಸೆದದ್ದೇ."

ತೀರ್ಪು ನಲವತ್ತು ಪುಟ.
ಗೆದ್ದವಳು ಫೋನು ಮಾಡಿ ಕೇಳಿದ್ದು ಒಂದೇ:
"ನನ್ನ ಮಾತು ಯಾವ ಪುಟದಲ್ಲಿದೆ?"
ಎಲ್ಲೂ ಇರಲಿಲ್ಲ. ಗೆದ್ದದ್ದು ಗುಮಾಸ್ತನ ಮಾತು.
ನಾನೆಂದೆ: ನನ್ನ ನಡಾವಳಿಯಲ್ಲಿದೆ ಅಮ್ಮಾ,
ಅರವತ್ತೊಂದನೇ ಪುಟ, ಒಂಬತ್ತನೇ ಸಾಲು,
ಕಾಗುಣಿತ ಸರಿಯೋ ತಪ್ಪೋ ಗೊತ್ತಿಲ್ಲ.
ಆಕೆ ಒಂದೊಂದೇ ಅಕ್ಷರ ಹೇಳಿದಳು.
ತಪ್ಪಾಗಿತ್ತು.

ಎಡಿನ್‌ಬರೊದ ನೆಲಮಾಳಿಗೆಯಲ್ಲಿ ಆ ಕಲ್ಲು ಇದೆ.
ಪಾಚಿ ಎಂದೋ ಕೊಳೆಯಿತು, ನಾರಿತು,
ಯಾರೋ ಕೆರೆದು ಹಾಕಿದರು.
ಕಟ್ಟಿದ ಚೀಟಿಯ ಮೇಲೆ ನನ್ನ ಕೈಬರಹ:
ಸಾಕ್ಷ್ಯ ಏಳು. ಕಲ್ಲು, ಪಾಚಿಸಹಿತ.

ತಿದ್ದುವ ಅಧಿಕಾರ ನನಗಿಲ್ಲ.