ಅರ್ಧ ಎಳೆದ ಶಟರ್

ಬುಧವಾರ ರಾತ್ರಿ ಎಂಟಕ್ಕೆ
ವಲೇರಿಯನ್ ಟೈಲರ್ ಶಟರನ್ನು ಅರ್ಧಕ್ಕೆ ಎಳೆಯುತ್ತಾನೆ.
ಪೂರ್ತಿ ಎಳೆದರೆ ಸೆಕೆ; ತೆರೆದಿಟ್ಟರೆ
ಯಾರಾದರೂ ಪ್ಯಾಂಟು ಗಿಡ್ಡ ಮಾಡಿಸಲು ಬಂದೇ ಬರುತ್ತಾರೆ.
ಹಾಗಾಗಿ ಮೋರ್ಗನ್ಸ್ ಗೇಟಿನ ಜನಕ್ಕೆ ನಾವೆಂದರೆ
ಮೊಣಕಾಲಿನ ಕೆಳಗೆ ಮಾತ್ರ:
ಐದು ಜೊತೆ ಪಾದ, ಒಂದೊಂದೂ ಬೇರೆ ತಾಳದಲ್ಲಿ.

ಮೊದಲ ಕೆಲಸ ಇಸ್ತ್ರಿಪೆಟ್ಟಿಗೆಯದು.
ಕಡಲ ಗಾಳಿಗೆ ಪುತ್ತುಬಾವನ ದಫ್ಫು
ನೆನೆದ ಹಪ್ಪಳದ ಹಾಗೆ ಜೋತಿರುತ್ತದೆ.
ಒಂದು ಗೇಣು ದೂರದಲ್ಲಿ ಹಿಡಿದು
ವಲೇರಿಯನ್ ಚರ್ಮಕ್ಕೆ ಕಾವು ಕೊಡುತ್ತಾನೆ;
ಮದುಮಗನ ಕೋಟಿಗೂ ಅವನಲ್ಲಿ ಇಷ್ಟು ಮರ್ಯಾದೆ ಇಲ್ಲ.
ಬಾವ ತಟ್ಟಿ ನೋಡಿ, ಕಿವಿಗೆ ಹಿಡಿದು,
‘ಇನ್ನೊಂಚೂರು’ ಎನ್ನುತ್ತಾನೆ.
ಡಕ್ಕೆಯಲ್ಲಿ ಇಡೀ ದಿನ ಮೀನು ವಿಂಗಡಿಸಿದ ಬೆರಳು.
ತೊಳೆದರೂ ಹೋಗದ ಬಂಗುಡೆಯ ವಾಸನೆ
ಬಿಸಿ ಚರ್ಮದಿಂದ ಮೆಲ್ಲಗೆ ಏಳುತ್ತದೆ.
ನಮಗೆ ಅದೇ ಶ್ರುತಿ.

ವಲೇರಿಯನ್‌ನದ್ದು ಮಣ್ಣಿನ ಗುಮಟ್,
ಅವನಮ್ಮನ ರೋಸಿನ ರಾತ್ರಿ ಬಾರಿಸಿದ್ದು.
ಬಾಯಿ ಸ್ವಲ್ಪ ಒಡೆದಿದೆ.
ಈ ಅಂಗಡಿಯಲ್ಲಿ ಹೊಲಿಗೆ ಹಾಕಲಾಗದ ಒಂದೇ ವಸ್ತು.

ತನಿಯಪ್ಪನ ಕೊಳಲು ಅರ್ಧ ಇಂಚಿನ ಪಿವಿಸಿ,
ಪ್ಲಂಬಿಂಗ್ ಕೆಲಸದಲ್ಲಿ ಉಳಿದ ತುಂಡು, ಬಿಸಿ ಮೊಳೆಯ ತೂತು.
ಅಜ್ಜನದ್ದು ಬಿದಿರಿನದ್ದಂತೆ. ನುಡಿಸುವಾಗ
ಅಂಗಳದ ಹೊರಗೇ ನಿಲ್ಲಬೇಕಿತ್ತಂತೆ ಅಜ್ಜ.
ಅದನ್ನವನು ಹೇಳಿದ್ದು ಒಮ್ಮೆ ಮಾತ್ರ, ಚಹಾ ಹೀರುತ್ತ.
ಇಲ್ಲಿರುವ ಒಂದೇ ಕುರ್ಚಿ ಈಗ ಅವನದ್ದು, ಗಾಲಿ ಮುರಿದದ್ದು.
ಯಾರೂ ತೀರ್ಮಾನ ಮಾಡಿದ್ದಲ್ಲ. ಹಾಗೆ ಆಯಿತು.

ನಾನು ಸಹಕಾರಿ ಸಂಘದ ಗುಮಾಸ್ತ.
ಮ್ಯಾಂಡೊಲಿನ್ ಹಿಡಿದು ಹನ್ನೊಂದು ವರ್ಷ,
ಬರುವುದು ನಾಲ್ಕೇ ಪಟ್ಟು. ಐದನೆಯದು ಬೇಕಾದಲ್ಲಿ
ಕೆಮ್ಮುತ್ತೇನೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ;
ಮೊನ್ನೆ ಆ ಜಾಗ ಬಂದಾಗ
ನನಗಿಂತ ಮೊದಲೇ ಪುತ್ತುಬಾವ ಕೆಮ್ಮಿದ.

ಲೋಲಾಕ್ಷಕ್ಕ ಹಾಡುತ್ತಾರೆ, ಮಡಿಲಲ್ಲಿ ಬೀಡಿಯ ಗೆರಸೆ.
ನೇಜಿ ನೆಡುವಾಗಿನ ಓಬೇಲೆ.
ಸಾಲಿನ ಕೊನೆಗೆ ನೂಲು ಹರಿಯುವಷ್ಟು ಹೊತ್ತು ತಡೆಯುತ್ತಾರೆ.
ನಮ್ಮ ನಾಲ್ವರ ತಾಳ ಆ ನೂಲಿಗೆ ಕಾಯುತ್ತದೆ.

ಶುರು ಮಾಡುವುದು ಕಷ್ಟವಲ್ಲ ಮಾರಾಯರೇ,
ನಿಲ್ಲಿಸುವುದು ನಮಗೆ ಇವತ್ತಿಗೂ ಬರುವುದಿಲ್ಲ.
ಒಬ್ಬ ನಿಂತರೆ ಇನ್ನೊಬ್ಬ ಎಳೆಯುತ್ತಾನೆ,
ಅವನನ್ನು ಒಂಟಿ ಬಿಡಬಾರದೆಂದು ಮೂರನೆಯವ ಸೇರುತ್ತಾನೆ,
ನಿಂತವನಿಗೆ ನಾಚಿಕೆಯಾಗಿ ಮತ್ತೆ ಹಿಡಿಯುತ್ತಾನೆ.
ಒಮ್ಮೆ ಹೀಗೇ ನಲವತ್ತು ನಿಮಿಷ.
ಕೊನೆಗೆ ಕರೆಂಟು ಹೋಯಿತು. ಕತ್ತಲಲ್ಲೂ ಐದು ನಿಮಿಷ.

‘ಗದ್ದೆಯಲ್ಲಿ ಹೇಗೆ ನಿಲ್ಲಿಸುತ್ತಿದ್ದಿರಿ?’ ಕೇಳಿದೆ.
ತಪ್ಪು ಚಲನ್ ತಂದವರನ್ನು ಸಂಘದಲ್ಲಿ ನಾನು ನೋಡುವ ಹಾಗೆ
ಲೋಲಾಕ್ಷಕ್ಕ ನನ್ನನ್ನು ನೋಡಿದರು.
‘ಎಂತ ನಿಲ್ಲಿಸುವುದು? ಗದ್ದೆ ಮುಗಿಯುತ್ತಿತ್ತು.
ನೆಡುತ್ತ ಹಿಂದೆ ಹಿಂದೆ ಹೋಗಿ
ಹಿಮ್ಮಡಿಗೆ ಹುಣಿ ತಾಗಿದರೆ
ಹಾಡೂ ಅಲ್ಲಿಗೆ.’

ಆ ಗದ್ದೆ ಈಗ ಎಲ್ಲಿ ಎಂದು ಕೇಳಬಾರದಿತ್ತು.
‘ಮೇಲೆ ಕಾಲೇಜಿನ ಪಾರ್ಕಿಂಗ್ ಉಂಟು,’ ಎಂದರು.
‘ಒಳ್ಳೆ ಮಾಡಿದ್ದಾರೆ. ನೀರು ನಿಲ್ಲುವುದಿಲ್ಲ.’

ಮತ್ತೆ ಹಾಡು ಎತ್ತಿದವರು ಅವರೇ.
ಒಂಬತ್ತು ನಲವತ್ತಕ್ಕೆ ತೊಕ್ಕೊಟ್ಟಿನ ಕೊನೆಯ ಬಸ್ಸು ಬಂತು,
ಕಂಡಕ್ಟರ್ ಶಟರಿನ ಕೆಳಗೆ ಬಗ್ಗಿ ‘ಅಕ್ಕ, ಬರುದುಂಟಾ?’ ಎಂದ.
ಗೆರಸೆ ಕಂಕುಳಲ್ಲಿ ಇರುಕಿ ಎದ್ದರು ಲೋಲಾಕ್ಷಕ್ಕ;
ಶಟರಿಗೆ ತಲೆ ತಾಗದಂತೆ ಬೆನ್ನು ಬಾಗಿಸಿ,
ಮುಖ ನಮ್ಮತ್ತಲೇ, ಹಾಡುತ್ತಲೇ,
ಹಿಂದೆ,
ಹಿಂದೆ,
ಫುಟ್‌ಪಾತ್ ದಾಟಿ
ಹಿಮ್ಮಡಿ ಬಸ್ಸಿನ ಮೆಟ್ಟಿಲಿಗೆ ತಾಗಿತು.

ಸಾಲಿನ ನಡುವೆಯೇ ನಿಂತಿತು ಹಾಡು.
‘ರೈಟ್ ಪೋಯಿ’ ಎಂದ ಕಂಡಕ್ಟರ್.

ಬಸ್ಸು ಹೋದ ಮೇಲೂ
ನಾವು ನಾಲ್ವರು ಸ್ವಲ್ಪ ಹೊತ್ತು ಬಾರಿಸಿದೆವು,
ಸುಮ್ಮನೆ.