ಕೈ ತೊಳೆದ ನೀರು

ದೇರಾದ ಈ ಓಣಿಗೆ ಹೊಳೆ ಇಲ್ಲ.
ಇರುವುದು ಒಂದು ಬೇಸಿನ್ನು, ಒಂದು ಬಿಳಿ ಪೈಪು,
ಮೆಟ್ಟಿಲ ಕೆಳಗೆ ಬೀಗ ಜಡಿದ ಮೂರು ತೊಟ್ಟಿ.
ಸಂಜೆ ಆರಕ್ಕೆ ನಲವತ್ತು ಜನ ಅಕ್ಕಸಾಲಿಗರು
ಸಾಲಾಗಿ ಬಂದು ಕೈ ತೊಳೆಯುತ್ತಾರೆ.
ಆ ನೀರನ್ನು ಚೆಲ್ಲುವ ಹಾಗಿಲ್ಲ.
ಅದೇ ನನ್ನ ಪಾಲಿನ ಹಳ್ಳ.

ನಾನು ಮೋದಿನಸಾಬ. ಅಡ್ಡಹೆಸರು ಜಾಲಗಾರ.
ವೀಸಾದಲ್ಲಿ ಬರೆದಿರುವುದು ಕ್ಲೀನರ್ ಅಂತ.
ಮುತ್ತಜ್ಜಿ ಹಜರತ್‌ಬಿ ಕಪ್ಪತಗುಡ್ಡದ ಬುಡದಲ್ಲಿ
ಹಳ್ಳದ ಮರಳನ್ನು ಮರಿಗೆಯಲ್ಲಿ ತಿರುವಿ ತಿರುವಿ
ದಿನಕ್ಕೊಂದು ಗುಲಗಂಜಿ ತೂಕ ಹಿಡಿಯುತ್ತಿದ್ದಳಂತೆ.
ಮಳೆಯ ಮರುದಿನ ಎರಡು.
“ನೀರು ಎಲ್ಲಿ ಸುಸ್ತಾಗತೈತಿ, ಅಲ್ಲಿ ಅಗಿ.
ಬಂಗಾರ ಭಾಳ ಮೈಗಳ್ಳ.
ತಿರುವಿನ ಒಳಮಗ್ಗಲು ಕಂಡರ ಸಾಕು,
ಕುಂತ ಬಿಡತೈತಿ.”

ಈ ಊರೂ ಒಂದು ತಿರುವೇ.
ಕ್ರೀಕಿನ ಉಪ್ಪುನೀರು ಇಲ್ಲಿ ಕೊಂಚ ಬಾಗುತ್ತದೆ.
ಮುತ್ತಿನ ಕಾಲ ಮುಳುಗಿದ ಮೇಲೆ
ಎಲ್ಲೆಲ್ಲಿಯದೋ ಚಿನ್ನ ಬಂದು ಇಲ್ಲಿ ಕುಂತಿತು,
ಆಮೇಲೆ ರಾತ್ರಿ ದೋಣಿ ಹತ್ತಿ, ಅಂಗಿಯ ಒಳಜೇಬಿನಲ್ಲಿ
ಬಿಸ್ಕತ್ತಾಗಿ ನಮ್ಮ ಕಡೆಯ ದಂಡೆಗೆ ಇಳಿಯಿತು.
ಇಷ್ಟು ಹೇಳಿ ಮುದುಕ ಇರಾನಿ ಗುಲಾಂ ರೆಜಾ
ಕಣ್ಣು ಹೊಡೆಯುತ್ತಾನೆ. ಮುಂದಿನದಕ್ಕೆ
ಚಹಾ ತರಿಸುತ್ತಾನೆ.

ಮೂರನೆಯ ತೊಟ್ಟಿ ತೆಗೆದದ್ದು ಏಳು ವರ್ಷಕ್ಕೆ.
ಸಲಿಕೆಗೆ ಸಿಕ್ಕಿದ್ದು ಪದರ ಪದರ:
ಮೇಲೆ ಸೋಪಿನ ಜಿಡ್ಡು, ಮದುವೆ ಸೀಸನ್ನಿನ ಗಡಿಬಿಡಿ.
ಅದರಡಿ ಎಳೆಯಷ್ಟೇ ತೆಳುವಾದ ಒಂದು ಬೂದುಗೆರೆ,
ರೋಗ ಬಂದು ಓಣಿ ಮುಚ್ಚಿದ ತಿಂಗಳುಗಳು.
ಇನ್ನೂ ಕೆಳಗೆ ಪಾಲಿಶ್ ಚಕ್ರದ ಕೆಂಪು ಹಿಟ್ಟು, ಮೀಸೆಯ ಕೂದಲು,
ಊರಿಗೆಂದು ಹೋಗಿ ತಿರುಗಿ ಬಾರದ
ತಪನ್ ಕರ್ಮಕಾರನ ಅಂಗಿಯ ಗುಂಡಿ.
ತೀರಾ ತಳದಲ್ಲಿ, ಸಿಮೆಂಟಿಗೆ ಅಂಟಿಕೊಂಡು, ಕಪ್ಪು.
ಕಪ್ಪಿನ ಬೆನ್ನಿಗೇ ಹಳದಿ.
ಗುಂಡಿಯನ್ನು ಮಾತ್ರ ನಾನು ಲೆಕ್ಕಕ್ಕೆ ಕೊಡಲಿಲ್ಲ.

ಒಂದು ಶುಕ್ರವಾರ ಪಿಕಪ್ಪಿನ ಶೇರ್‌ಜಮಾನ್
ಹತ್ತಾ ಕಡೆಗೆ ಕರೆದೊಯ್ದ.
ಅಲ್ಲಿ ನದಿ ಇದೆ, ನೀರಿಲ್ಲ. ವಾದಿ ಎನ್ನುತ್ತಾರೆ.
ವಾದಿ ಸರಿಯೇ: ಪ್ರತಿವಾದಿ ಮೋಡ
ಹಾಜರಾಗಿ ಎಷ್ಟು ಕಾಲವಾಯಿತೋ.
ಬೆಟ್ಟಕ್ಕೆ ಹಸಿರುಗಪ್ಪು ಹಾವಿನ ಮೈ.
ಇದು ಹಳೆಯ ಕಡಲಿನ ತಳವಂತೆ,
ಎದ್ದು ಬಂದು ಬಿಸಿಲು ಕಾಯಿಸುತ್ತಿದೆಯಂತೆ.
ಕೈ ಸುಮ್ಮನಿರಲಿಲ್ಲ. ಒಳಮಗ್ಗಲು ಹುಡುಕಿ,
ದೊಡ್ಡ ಗುಂಡಿನ ಬೆನ್ನ ಹಿಂದೆ ಅಗೆದು,
ಊಟದ ತಟ್ಟೆಗೆ ಮರಳು ತುಂಬಿ
ಕುಡಿಯುವ ನೀರಿನ ಎರಡು ಬಾಟಲಿ ಸುರಿದು ತಿರುವಿದೆ.
ಶೇರ್‌ಜಮಾನ್ ಬೈದ, ನೀರಿಗಾಗಿ.
ಬಿಳಿ ಹೋಯಿತು, ಬೂದು ಹೋಯಿತು,
ಅಂಚಿನಲ್ಲಿ ಕಾಡಿಗೆ ತೀಡಿದ ಹಾಗೆ ಕಪ್ಪು ನಿಂತಿತು.
ಅದರ ಬಾಲದಲ್ಲಿ ಏನೂ ಇರಲಿಲ್ಲ.
ನಗು ಬಂತು, ಯಾಕೋ.
ಯಾರದೂ ಅಲ್ಲದ ಮರಳನ್ನು
ಮೊದಲ ಸಲ ತೊಳೆದಿದ್ದೆ.

ನಾಳೆಗೆ ಕರಾರು ಮುಗಿಯಿತು.
ಅಂಗಿ, ಚಪ್ಪಲಿ, ಕೂತ ಗೋಣಿತಾಟು ಇಲ್ಲೇ ಬಿಡಬೇಕು;
ಸುಟ್ಟು ಬೂದಿ ತೊಳೆದರೆ ಚಿನ್ನ ಬರುತ್ತದೆ.
ತೊಳೆಯುವವನು ಹೊಸ ಹುಡುಗ, ನೇಪಾಳದವನು.
ಮಣಿಕಟ್ಟು ಸಡಿಲ ಬಿಡು ಅಂತ ಮೂರು ವಾರ ಹೇಳಿದ್ದೇನೆ,
ಇನ್ನೂ ಬಿಗಿ ಹಿಡಿಯುತ್ತಾನೆ.
ಇವತ್ತು ಕೊನೆಯ ಸಲ ಮೊಣಕೈವರೆಗೆ ತಿಕ್ಕಿಕೊಂಡೆ.
ಮ್ಯಾನೇಜರು ಉಗುರು ನೋಡಿದ, ಹೂಂ ಅಂದ.
ಕಿವಿಯ ಹಿಂದೆ ನೋಡಲಿಲ್ಲ.
ಬೆವರು ಅಲ್ಲಿ
ನಿಧಾನಕ್ಕೆ ತಿರುಗುತ್ತದೆ.