ಇನ್ನೇನು

ಬರ್ಗೆನ್‌ನಿಂದ ಬಂದ ಒಂದು ನಮೂನೆಯನ್ನು
ಸ್ವಾಹಿಲಿಗೆ ತಿರುಗಿಸಿ ಕೊಡು ಅಂದರು.
ಉಗ್ರಾಣದ ಲೆಕ್ಕ ಬರೆಯುವವಳು ನಾನು,
ನಟ್ಟು ಬೋಲ್ಟು ಕೈಗವಸು ಎಣಿಸುವವಳು,
ಮಾತು ತೂಗಿ ಗೊತ್ತಿರಲಿಲ್ಲ.

ಮೊದಲ ಸಾಲಿನಲ್ಲೇ ಎಡವಿದೆ.
ಏಟು ಬೀಳಲಿಲ್ಲ, ಬೀಳುವುದರಲ್ಲಿತ್ತು,
ಅಂಥದ್ದನ್ನು ಏನೆಂದು ಕರೆಯುವುದು?
ಕಿಲಿಂದಿನಿಯ ಹಡಗುಕಟ್ಟೆಯಲ್ಲಿ ಅದಕ್ಕೆ ಹೆಸರಿಲ್ಲ.
ಒಂದು ನಗು ಇದೆ,
ಹಣೆ ಒರೆಸಿಕೊಂಡು ಮತ್ತೆ ಹಗ್ಗ ಹಿಡಿಯುವುದಿದೆ.
ಕೊನೆಗೆ 'ನುಸುರಾ' ಎಂದು ಬರೆದೆ.
'ಇನ್ನೇನು' ಅನ್ನುವುದಕ್ಕೂ ನಮ್ಮಲ್ಲಿ ಅದೇ ಮಾತು,
ಮೇಲಿನವನ ನೆರವಿಗೂ ಅದೇ.

ಹಳದಿ ಪೆಟ್ಟಿಗೆ ಬಂತು. ಬೀಗ ಬಂತು.
ಬೀಗದ ಕೈ ನನ್ನ ಸೊಂಟಕ್ಕೆ.
ಹನ್ನೊಂದು ತಿಂಗಳಲ್ಲಿ ಅದರೊಳಗೆ
ಒಂದು ಜೇಡ, ಒಂದು ಬಸ್ ಟಿಕೀಟು,
ಯಾರೋ ಅಗಿದು ಉಗುಳಿದ ಎಲೆ.
ಕೊನ್‌ಸ್ತಾಂತ್ಸಾದ ಕಟ್ಟೆಯಲ್ಲಿ ನಲವತ್ತೊಂದು, ನಮ್ಮಲ್ಲಿ ಸೊನ್ನೆ!
ಬರ್ಗೆನ್ ಮೆಚ್ಚಿ ಕೇಕು ಕಳಿಸಿತು,
ಬಿಳಿ ಕೆನೆಯ ಮೇಲೆ ನೀಲಿಯಲ್ಲಿ
ತಟ್ಟೆಯಗಲದ ಸೊನ್ನೆ.

ಆ ವಾರವೇ ಕೊಂಡಿ ಕಳಚಿದ ಸರಪಳಿ
ಚೆಂಗೋನ ಕಿವಿ ಸವರಿಕೊಂಡು ಹೋಗಿತ್ತು.
ಎರಡು ಬೆರಳು ಕಡಿಮೆಯ ಕೈಯಿಂದ
ಅವನು ಸೊನ್ನೆಯ ಅಂಚನ್ನೇ ಮುರಿದು ಬಾಯಿಗಿಟ್ಟ.
"ಬರೆದು ಹಾಕಬಾರದೇ?" ಅಂದೆ.
"ಬರೆದರೆ ಕೊಂಡಿ ಸಿಕ್ಕಿಸಿದ ಕಹಿಂದಿ ಮನೆ ಸೇರುತ್ತಾನೆ.
ಹುಡುಗನಿಗೆ ಮದುವೆ ಗೊತ್ತಾಗಿದೆ.
ಕೇಕು ತಿನ್ನು."

ಜುಲೈಯಲ್ಲಿ ತೂರುನ್ ಬಂದಳು, ದೊಡ್ಡ ಕಚೇರಿಯವಳು.
ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರ ತಂದಿದ್ದಳು,
ಕರೆಂಟು ಹೋಯಿತು.
ಮಗುಚಿ ಹಾಕಿದ ದೋಣಿಯ ನೆರಳಲ್ಲಿ ಎಲ್ಲ ಕೂತೆವು.
ಅವಳು ಒಂದೊಂದೇ ವಾಕ್ಯ ಹೇಳುವಳು,
ನಾನು ಒಂದೊಂದೇ ತಿರುಗಿಸುವೆ.
ಟ್ಯಾಂಕಿನ ಗಾಳಿ ನೋಡದೆ ಸಹಿ ಹಾಕಿದೆ.
ಶುಕ್ರವಾರ, ಸಂಜೆ.
ಮಗಳ ಈಜಿನ ಪಂದ್ಯಕ್ಕೆ ತಡವಾಗುತ್ತಿತ್ತು.
ಒಳಗಿಳಿದವನ ಹೆಸರು ಐವಿಂದ್.
ಮುಂದೆ ಅವಳು ಮಾತಾಡಲಿಲ್ಲ.
ತಿರುಗಿಸಲು ನನಗೂ ಏನೂ ಉಳಿದಿರಲಿಲ್ಲ,
ಹೆಸರನ್ನು ಹಾಗೆಯೇ ಇನ್ನೊಮ್ಮೆ ಹೇಳಿದೆ:
ಐವಿಂದ್.

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಮಾರನೆಯ ದಿನ ಪೆಟ್ಟಿಗೆ ಖಾಲಿ,
ಅದರ ಮಾರನೆಯ ದಿನವೂ.

ಸೋಮವಾರ, ಸಿಮೆಂಟು ಚೀಲದಿಂದ ಹರಿದ ಕಾಗದ.
ಅಕ್ಷರವಿಲ್ಲ. ಒಂದು ಕೊಂಡಿ, ಒಂದು ತಲೆ,
ನಡುವೆ ಆನೆಗಿರುವಂಥ ಕಿವಿ.
ಕೆಳಗೆ ಹೆಸರಿಲ್ಲ, ಗ್ರೀಸಿನಲ್ಲಿ ಮೂರು ಬೆರಳಚ್ಚು.
ಕಟ್ಟೆಯಲ್ಲಿ ಯಾರಿಗೆ ಗೊತ್ತಾಗಲಿಲ್ಲ, ಹೇಳಿ?

ಕಹಿಂದಿಯನ್ನು ಕರೆಸಿದರು. ನಿನ್ನ ಬಿಡು, ಕೊಂಡಿ ತೋರಿಸು ಅಂದರು.
ಅದರ ನಾಲಿಗೆ ಸವೆದು
ಮಗುವಿನ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.
ಅದು ನನ್ನ ಉಗ್ರಾಣದ್ದು.
ಆ ಅಲುಗಾಟ ನನ್ನ ಹೆಬ್ಬೆರಳಿಗೆ ಮೊದಲೇ ಪರಿಚಯ.
ಹೊಸದು ಬರುವ ತನಕ ನಡೆಯುತ್ತದೆ ಬಿಡು,
ಅಂದುಕೊಂಡೇ ಪುಸ್ತಕದಲ್ಲಿ ಗೆರೆ ಎಳೆದು
ಕೈಗೆ ಕೊಟ್ಟವಳು ನಾನು.

ಆ ರಾತ್ರಿ ನನ್ನದೇ ಅನುವಾದದ ನಮೂನೆಯನ್ನು
ಮೊದಲ ಸಲ ಓದುವವಳ ಹಾಗೆ ಓದಿದೆ.
ಎಷ್ಟು ಚಿಕ್ಕ ಜಾಗ ಬಿಟ್ಟಿದ್ದೇನೆ, ಹೆಸರಿಗೆ!
ಬರೆದೆ. ಅಳಿಸಿದೆ. ಬರೆದೆ.
ನನ್ನ ಸೊಂಟದಲ್ಲೇ ಕೈ ಇರುವ ಪೆಟ್ಟಿಗೆಯೊಳಕ್ಕೆ
ಹೊರಗಿನವಳಂತೆ ಸೀಳಿನಿಂದ ತೂರಿಸಿದೆ.

ಆ ತಿಂಗಳು ಹದಿನೇಳು.
ಬರ್ಗೆನ್ ಗಾಬರಿಯಿಂದ ಫೋನು ಮಾಡಿತು,
ಏನಾಗಿದೆ ನಿಮ್ಮ ಕಟ್ಟೆಗೆ?
ತೂರುನ್ ಏನೋ ಹೇಳಿದಳು ಅವಳ ಭಾಷೆಯಲ್ಲಿ,
ಅದನ್ನು ತಿರುಗಿಸು ಎಂದು ಯಾರೂ ನನ್ನ ಕೇಳಲಿಲ್ಲ.

ಈ ಸಲ ಕೇಕಿಲ್ಲ.
ಪೆಟ್ಟಿಗೆ ತೆರೆಯುವ ಹೊತ್ತಿಗೆ ಚೆಂಗೋ ಬಂದು
ಬಾಗಿಲಿಗೆ ಒರಗಿ ನಿಲ್ಲುತ್ತಾನೆ,
ಓದಿ ಹೇಳಿದ್ದಕ್ಕೆಲ್ಲ ತಲೆದೂಗಿ,
ಚೀಟಿ ಮುಗಿದ ಮೇಲೂ ಹೋಗದೆ,
ಕೇಳುತ್ತಾನೆ:
ಇನ್ನೇನು?